ಹಾವೇರಿಗೆ ಹೋದ ಕೊನೆಯ ರೀಲು

ತಪ್ಪನ್ನು ಒಪ್ಪಿಕೊಳ್ಳಲು ಒಂದು ಸರಿಯಾದ ಸಮಯ ಇರುತ್ತದೆ, ಅದು ಬಂದಾಗ ತಾನಾಗಿಯೇ ಗೊತ್ತಾಗುತ್ತದೆ ಎಂದು ನಂಬಿ ಐವತ್ತು ವರ್ಷ ಕಳೆದವನು ನಾನು. ಮೊದಲ ವಾರದಲ್ಲಿ ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಮೊದಲ ವರ್ಷದಲ್ಲಿ ಹೇಳಿದ್ದರೆ ಬೈಗುಳ ಬೀಳುತ್ತಿತ್ತು. ಹತ್ತು ವರ್ಷದ ಮೇಲೆ ಹೇಳಿದ್ದರೆ ಎಲ್ಲರೂ ನಕ್ಕು, ಬೆನ್ನ ಮೇಲೆ ಗುದ್ದಿ, ಚಹಾ ಕುಡಿಸುತ್ತಿದ್ದರು. ಈ ಮಧ್ಯೆ ಎಲ್ಲೋ ಒಂದು ಹದವಾದ ದಿನ ಬಂದು ಹೋಗಿರಲೇಬೇಕು. ಅವತ್ತು ನಾನು ಸಂತೆಗೆ ಹೋಗಿದ್ದೆನೋ ಮಲಗಿದ್ದೆನೋ, ಒಟ್ಟಿನಲ್ಲಿ ಭೇಟಿಯಾಗಲಿಲ್ಲ. ಆಮೇಲೆ ತಪ್ಪು ಹಳೆಯದಾಯಿತು, ಹಳೆಯದಾದರೆ ತಾನೇ ಸವೆದು ಸಣ್ಣದಾಗುತ್ತದೆ ಎಂದುಕೊಂಡೆ. ನನ್ನ ಬೇರೆ ತಪ್ಪುಗಳೆಲ್ಲ ಹಾಗೆಯೇ ಸವೆದವು. ಇದೊಂದು ಮಾತ್ರ ಬ್ಯಾಡಗಿಯ ಒಬ್ಬ ಗೃಹಸ್ಥನ ತಲೆಯೊಳಗೆ ಹೋಗಿ ಕುಳಿತು, ಅಲ್ಲಿಯೇ ಬೆಳೆಯಿತು.

ನಾನು ರಾಣೆಬೆನ್ನೂರಿನವನು. ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಓದುವ ಧೈರ್ಯವಿಲ್ಲದೆ, ಒಂದು ಬೀಜದ ಅಂಗಡಿಯಲ್ಲಿ ಮೂವತ್ತೈದು ವರ್ಷ ಪಾಕೀಟು ಮಾರಿ ನಿವೃತ್ತನಾದವನು. ಈಗ ನನಗಿರುವ ಒಂದೇ ಸಾರ್ವಜನಿಕ ಜವಾಬ್ದಾರಿ ಎಂದರೆ ತಿಂಗಳ ಕಡೆಯ ಭಾನುವಾರ ಹಾವೇರಿಗೆ ಹೋಗುವುದು. ಅಲ್ಲಿ ಹುಸೇನಸಾಬನ ಟೇಲರಿಂಗ್ ಅಂಗಡಿಯಲ್ಲಿ ನಮ್ಮ ಮೂವರ ಸಭೆ. ಹುಸೇನಸಾಬ ಈಗ ಹೊಲಿಯುವುದಿಲ್ಲ, ಹೊಲಿಗೆ ಯಂತ್ರದ ಮುಂದೆ ಕುಳಿತು ದಾರ ಮಾತ್ರ ಪೋಣಿಸಿಟ್ಟಿರುತ್ತಾನೆ. ಮೂರನೆಯವನು ಬ್ಯಾಡಗಿಯ ಚನ್ನಬಸಪ್ಪ, ಮೆಣಸಿನಕಾಯಿ ಪೇಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ವ್ಯಾಪಾರಿ. ಮೂವರೂ ಕೂಡಿ ಮಾಡುವ ಕೆಲಸ ಇಷ್ಟೇ: ಎಪ್ಪತ್ತರ ದಶಕದಲ್ಲಿ ನಾವು ನೋಡಿದ ಸಿನಿಮಾಗಳಲ್ಲಿ ಅತ್ಯುತ್ತಮವಾದ ಹತ್ತನ್ನು ಆರಿಸಿ, ಒಂದರಿಂದ ಹತ್ತರವರೆಗೆ ಸಾಲಾಗಿ ಬರೆಯುವುದು. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇವೆ. ಪಟ್ಟಿ ಇರುವುದು ಶಾಲೆಯ ಮಕ್ಕಳ ನೋಟಬುಕ್ಕಿನಲ್ಲಿ, ಪೆನ್ಸಿಲ್ಲಿನಲ್ಲಿ. ಅಳಿಸಿ ಅಳಿಸಿ ಆ ಹಾಳೆ ಈಗ ಬೆಳಕಿಗೆ ಹಿಡಿದರೆ ಆಚೆ ಕಡೆ ಇರುವವನ ಮುಖ ಕಾಣಿಸುತ್ತದೆ.

ಸಿನಿಮಾಗಳ ನಿಜವಾದ ಹೆಸರು ನಮ್ಮ ಪಟ್ಟಿಯಲ್ಲಿಲ್ಲ. ನಮ್ಮ ಕಡೆ ಹೆಸರಿನಿಂದ ಪಿಕ್ಚರು ಕರೆಯುವ ರೂಢಿ ಆಗಲೂ ಇರಲಿಲ್ಲ. ರೈಲಿನ ಪಿಕ್ಚರ್, ಕುರುಡಿ ಪಿಕ್ಚರ್, ಎರಡು ಹೆಂಡರ ಪಿಕ್ಚರ್, ನಾಯಿ ಸಾಯೋ ಪಿಕ್ಚರ್ ಹೀಗೆ. ಇನ್ನು ತೂಕ ಮಾಡುವ ರೀತಿ ಒಬ್ಬೊಬ್ಬರದು ಒಂದೊಂದು. ಹುಸೇನಸಾಬನಿಗೆ ಕಥೆ ಮುಖ್ಯವಲ್ಲ. "ರೈಲಿನ ಪಿಕ್ಚರ್ ಬಂದ ವಾರ ನನಗ ಹದಿನೆಂಟು ಪ್ಯಾಂಟ ಬಂದುವು, ಎಲ್ಲಾ ಕೆಳಗ ಆನಿ ಕಾಲಿನಂಥಾವು. ಕುರುಡಿ ಪಿಕ್ಚರಿಗೆ ಎಷ್ಟು ಬಂದುವು? ಎರಡು ಚೊಣ್ಣ, ಅವೂ ಮೊಣಕಾಲ ಮ್ಯಾಲಿನವು" ಎಂದು ಅವನು ತೀರ್ಪು ಕೊಡುತ್ತಾನೆ. ಚನ್ನಬಸಪ್ಪ ಸಿನಿಮಾವನ್ನೂ ಮೆಣಸಿನಕಾಯಿಯ ಹಾಗೆಯೇ ಹೆಕ್ಕುವವನು. ಎಲ್ಲರೂ ಹೊಗಳುವ ಚಿತ್ರವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ: "ಬಣ್ಣ ಐತಿ, ಖಾರ ಇಲ್ಲ." ನನ್ನ ಅಳತೆ ಏನು ಎಂದು ಕೇಳಿದರೆ, ನಾನು ಯಾವಾಗಲೂ ಇಬ್ಬರಲ್ಲಿ ಯಾರು ಗೆಲ್ಲುತ್ತಿದ್ದಾರೋ ಅವರ ಕಡೆ ಇರುತ್ತೇನೆ.

ಚನ್ನಬಸಪ್ಪನ ಮೊದಲನೆಯ ಸ್ಥಾನ ಹನ್ನೊಂದು ವರ್ಷದಿಂದ ಒಂದೇ: ಕಣದ ಪಿಕ್ಚರ್. ಅಣ್ಣ ತಮ್ಮ ಪಾಲಾಗುತ್ತಾರೆ, ತಮ್ಮ ಮುನಿಸಿಕೊಂಡು ಊರು ಬಿಡುತ್ತಾನೆ. ಸುಗ್ಗಿ ಬರುತ್ತದೆ. ಅಣ್ಣ ಕಣದಲ್ಲಿ ಜೋಳದ ರಾಶಿಯನ್ನು ಎರಡು ಪಾಲು ಮಾಡಿ, ತಮ್ಮನ ಪಾಲಿನ ಮೇಲೆ ತನ್ನ ರುಮಾಲು ಹಾಸಿ, ದಾರಿಯ ಕಡೆ ನೋಡುತ್ತ ಕೂಡುತ್ತಾನೆ. "ಅಷ್ಟಕ್ಕ ಮುಗೀತು. ತಮ್ಮ ಬರೂದಿಲ್ಲ. ಕೂತ ಅಣ್ಣ ಕೂತಂಗ ಇರ್ತಾನ. ಹಿಂಗ ಮುಗಸಾಕ ಎದಿ ಬೇಕಲೇ. ಇದು ಖಾರ ಇದ್ದ ಪಿಕ್ಚರ್" ಎನ್ನುತ್ತಾನೆ ಚನ್ನಬಸಪ್ಪ. ಹುಸೇನಸಾಬ ಹಣೆ ಬಡಿದುಕೊಳ್ಳುತ್ತಾನೆ. "ಮಾರಾಯಾ, ತಮ್ಮ ಬರ್ತಾನ. ಚಕ್ಕಡಿಯೊಳಗ ಬರ್ತಾನ. ಕಾಲಿಗೆ ಬೀಳ್ತಾನ, ಹಾಡು ಹಾಡ್ತಾರ, ಎತ್ತಿನ ಕೋಡಿಗೆ ರಿಬ್ಬನ್ನು ಕಟ್ಟಿರ್ತಾರ. ನಾ ಕಣ್ಣಾರೆ ನೋಡೇನಿ." ಆಮೇಲೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. ನಾನು ಪ್ರತಿ ಸಲವೂ ಹುಸೇನಸಾಬನ ಕಡೆ ಕೈ ಎತ್ತಿ, "ನಿನ್ನ ಪೇಟೆ ಘಾಟಿಗೆ ಕಣ್ಣು ಮುಚ್ಚಿರಬೇಕು ತಗೋ ಚನ್ನಪ್ಪಾ, ಕಡೀಕ ನೋಡಿಲ್ಲ ನೀ" ಎಂದು ನಗೆಯಾಡುತ್ತಿದ್ದೆ. ಎರಡಕ್ಕೊಂದು ಮತದಿಂದ ಕಣದ ಪಿಕ್ಚರ್ ಏಳನೆಯ ಸ್ಥಾನಕ್ಕೆ ಇಳಿಯುತ್ತಿತ್ತು.

ಈಗ ಕೇಳಿ. ಚನ್ನಬಸಪ್ಪ ನೋಡಿದ್ದು ಸರಿಯಾಗಿಯೇ ನೋಡಿದ್ದ. ಅವನು ನೋಡಿದ ದಿನ ತಮ್ಮ ಬರಲಿಲ್ಲ. ಯಾಕೆಂದರೆ ಅವನನ್ನು ನಾನು ಹಾವೇರಿಗೆ ಕಳಿಸಿಬಿಟ್ಟಿದ್ದೆ.

ಬೀಜದ ಅಂಗಡಿ ಸೇರುವ ಮುಂಚೆ ಎರಡು ವರ್ಷ ನಾನು ರಾಣೆಬೆನ್ನೂರಿನ ಒಂದು ಟಾಕೀಜಿನಲ್ಲಿ ಕೆಲಸಕ್ಕಿದ್ದೆ. ಆಗ ಭಾನುವಾರ ಒಂದೇ ಪ್ರಿಂಟು ಎರಡು ಊರಿಗೆ ಓಡುತ್ತಿತ್ತು. ನಮ್ಮಲ್ಲಿ ಬೆಳಗಿನ ಆಟ ಮುಗಿದ ಕೂಡಲೇ ರೀಲಿನ ಡಬ್ಬಿಗಳನ್ನು ಎರಡು ಪೆಟ್ಟಿಗೆಗೆ ತುಂಬಿ, ನಾನು ಹಾವೇರಿ ಬಸ್ಸು ಹತ್ತಿ, ಮೋಟೆಬೆನ್ನೂರಿನಲ್ಲಿ ಇಳಿದು, ಅಲ್ಲಿಂದ ಟಾಂಗಾ ಮಾಡಿಕೊಂಡು ಬ್ಯಾಡಗಿಗೆ ಹೋಗಬೇಕು. ಅಲ್ಲಿ ಮಧ್ಯಾಹ್ನದ ಆಟ. ಕಣದ ಪಿಕ್ಚರಿಗೆ ಹದಿನಾರು ರೀಲು. ಹದಿನೈದನ್ನು ಆಟ ನಡೆದಿರುವಾಗಲೇ ತಿರುಗಿ ಸುತ್ತಿ ಪೆಟ್ಟಿಗೆಗೆ ಹಾಕಿ ಹಗ್ಗ ಬಿಗಿದಿರುತ್ತಿದ್ದೆವು. ಕೊನೆಯದೊಂದು ಮಾತ್ರ ಆಟ ಮುಗಿದ ಮೇಲೆ ಸುತ್ತಬೇಕಲ್ಲ; ಬಸ್ಸಿಗೆ ತಡವಾಗುತ್ತದೆಂದು ಅದನ್ನು ಪೆಟ್ಟಿಗೆ ಬಿಚ್ಚಿ ಹಾಕದೆ, ಡಬ್ಬಿಯನ್ನು ಹಾಗೆಯೇ ಬಗಲಲ್ಲಿ ಹಿಡಿದು ಓಡುವುದು ನನ್ನ ಪದ್ಧತಿ. ಬಿಸಿಯಾಗಿರುತ್ತಿತ್ತು, ಹೊಸದಾಗಿ ಬೇಯಿಸಿದ ರೊಟ್ಟಿಯ ಹಾಗೆ.

ಅವತ್ತು ಬಸ್ಸಿನ ಕಂಡಕ್ಟರ್ ಸಿನಿಮಾದ ಹುಚ್ಚಿನವನು. ನನ್ನ ಪೆಟ್ಟಿಗೆ ನೋಡಿ, ರೈಲಿನ ಪಿಕ್ಚರ್ ಮುಂದೆ ಈ ವರ್ಷದ ಯಾವ ಪಿಕ್ಚರೂ ನಿಲ್ಲುವುದಿಲ್ಲ ಎಂದ. ಕುರುಡಿ ಪಿಕ್ಚರ್ ನಿಲ್ಲುತ್ತದೆ ಎಂದೆ ನಾನು. ವಾದ ಏರಿತು. ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೈ ಬೀಸಿ ಮಾತಾಡಲು ಬರುವುದಿಲ್ಲ. ಹೀಗಾಗಿ ಡಬ್ಬಿಯನ್ನು ನಾನೇ ಎತ್ತಿ ತಲೆಯ ಮೇಲಿನ ಸಾಮಾನು ಹಲಗೆಯಲ್ಲಿ ಇಟ್ಟೆ. ಮೋಟೆಬೆನ್ನೂರು ಬಂತು. ಪೆಟ್ಟಿಗೆ ಇಳಿಸಿಕೊಂಡೆ, ಬಸ್ಸು ಹೊರಟ ಮೇಲೂ ಕಿಟಕಿಯ ಪಕ್ಕ ಓಡುತ್ತ ಕೊನೆಯ ಮಾತು ನನ್ನದೇ ಆಗುವಂತೆ ನೋಡಿಕೊಂಡೆ. ವಾದ ಗೆದ್ದ ಸಂತೋಷದಲ್ಲಿ ಟಾಂಗಾ ಹತ್ತಿದೆ. ತಮ್ಮ, ಚಕ್ಕಡಿ, ಎತ್ತು, ಹಾಡು ಎಲ್ಲವೂ ಹಾವೇರಿಯ ಕಡೆ ಹೋದವು.

ಬ್ಯಾಡಗಿಯ ಆಪರೇಟರ್ ಹದಿನೈದನೆಯ ರೀಲು ಹಾಕಿ ಪೆಟ್ಟಿಗೆಗೆ ಕೈ ಹಾಕಿದಾಗ ಪೆಟ್ಟಿಗೆ ಖಾಲಿ. "ಇನ್ನೊಂದು ಎಲ್ಲೈತೋ ಈರಣ್ಣ?" ಎಂದ. ನನಗೆ ಹಲಗೆ ನೆನಪಾಯಿತು, ಬಾಯಿ ತಾನಾಗಿಯೇ "ಕಂಪನಿಯಿಂದನ ಹದಿನೈದು ಬಂದಾವ್ರಿ" ಎಂದಿತು. ಅವನು ಕ್ಷಣ ಹೊತ್ತು ನನ್ನ ಮುಖ ನೋಡಿ, ಹರಿದ ಪ್ರಿಂಟುಗಳಿಗೆಂದು ಇಟ್ಟುಕೊಂಡಿದ್ದ "ಶುಭಂ" ಎಂಬ ಗಾಜಿನ ಸ್ಲೈಡು ತೆಗೆದು ಪರದೆಗೆ ಬಿಟ್ಟ. ಜನ ಕುರ್ಚಿ ಮುರಿಯುತ್ತಾರೆ ಎಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಯಾರೂ ಕೂಗಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡಸರು ಬೀಡಿ ಹಚ್ಚುವುದನ್ನೂ ಮರೆತು ಸಾಲಾಗಿ ಹೊರಗೆ ಹೋದರು. ಅವರಲ್ಲಿ, ಆಗ ನನಗೆ ಗುರುತಿಲ್ಲದ ಚನ್ನಬಸಪ್ಪನೂ ಇದ್ದ. ಮರುದಿನ ಬೆಳಿಗ್ಗೆ ಹಾವೇರಿ ಬಸ್ ನಿಲ್ದಾಣದಲ್ಲಿ ಡಬ್ಬಿ ಸಿಕ್ಕಿತು, ಸೋಮವಾರದಿಂದ ನಮ್ಮ ಟಾಕೀಜಿನಲ್ಲಿ ಪಿಕ್ಚರಿನ ತಮ್ಮ ದಿನವೂ ತಪ್ಪದೆ ಬಂದ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಕಾರಣವಿರಲಿಲ್ಲ. ಕಳೆದ ಚಳಿಗಾಲದಲ್ಲಿ ಹುಸೇನಸಾಬ ತನ್ನ ಮೊಬೈಲಿನಲ್ಲಿ ಹುಡುಕಿ ಹುಡುಕಿ ಕಣದ ಪಿಕ್ಚರನ್ನೇ ತೆಗೆದ. ಮೂವರೂ ಹೊಲಿಗೆ ಯಂತ್ರದ ಮೇಲೆ ಬಾಗಿ ನೋಡಿದೆವು. ಅಣ್ಣ ರುಮಾಲು ಹಾಸಿದ. ದಾರಿ ನೋಡಿದ. ದೂರದಲ್ಲಿ ಧೂಳೆದ್ದಿತು, ಚಕ್ಕಡಿ ಬಂತು. ಹುಸೇನಸಾಬ ತೊಡೆ ತಟ್ಟಿಕೊಂಡು ನಕ್ಕ. ನಾನೂ ನಕ್ಕೆ, ನಗಬಾರದಿತ್ತು. ಚನ್ನಬಸಪ್ಪ ಮಾತ್ರ ಆ ಪುಟ್ಟ ಪರದೆಯನ್ನೇ ನೋಡುತ್ತ, "ಇದನ್ನ ಆಮ್ಯಾಲೆ ಯಾರೋ ಹಚ್ಯಾರ" ಎಂದ. ಮನೆಗೆ ಹೋಗಿ ಮಗ ಮಂಜುನಾಥನಿಗೆ, ಒಳ್ಳೆಯ ಪಿಕ್ಚರ್ ಕೆಡಿಸಿದವರ ಮೇಲೆ ಒಂದು ಅರ್ಜಿ ಬರೆದುಕೊಡು ಎಂದನಂತೆ. ಮಗ ಬುದ್ಧಿವಂತ, ಅಪ್ಪನ ಮೇಲೆ ಜೀವ ಇಟ್ಟವನು. ಅವನು ಅರ್ಜಿ ಬರೆಯಲಿಲ್ಲ, ನನಗೆ ಫೋನು ಮಾಡಿದ.

"ಈರಣ್ಣ ಕಾಕಾ, ನೀವು ಅಪ್ಪನ ಕೂಡ ತಿಂಗಳಾ ಕುಂದ್ರಾವ್ರು. ಖರೇ ಹೇಳ್ರಿ. ಅಪ್ಪಗ ಮರವು ಹತ್ತೇತೇನ್ರಿ?"

ಇದೋ, ಹೇಳಲು ಹದವಾದ ಸಮಯ ಕಿವಿಯ ಹತ್ತಿರವೇ ಬಂದು ನಿಂತಿತ್ತು. ನಾನು ಹೇಳಿದ್ದು: "ವಯಸ್ಸಾತಲ್ಲಪಾ ಮಂಜಾ." ಇದರಲ್ಲಿ ಸುಳ್ಳಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ವಯಸ್ಸು ಆಗಿರುವುದು ಹೌದಲ್ಲ. ಆದರೆ ಆ ಎರಡು ಮಾತಿನ ಮೇಲೆ ಮಂಜುನಾಥ ಹುಬ್ಬಳ್ಳಿಯ ಡಾಕ್ಟರರಲ್ಲಿ, ನಮ್ಮ ಮುಂದಿನ ಸಭೆಯಾದ ಮೇಲಿನ ಗುರುವಾರಕ್ಕೆ ಹೆಸರು ಬರೆಸಿದ. ಅಂಗಡಿಯಲ್ಲಿ ಅಪ್ಪ ಮುಟ್ಟಿ ನೋಡಿ ಇದು ಮೊದಲ ದರ್ಜೆ ಎಂದ ಮೆಣಸಿನಕಾಯಿಯನ್ನು ಗುಮಾಸ್ತ ಇನ್ನೊಮ್ಮೆ ನೋಡಬೇಕು ಎಂದು ನಿಯಮ ಮಾಡಿದ. ನಲವತ್ತು ವರ್ಷ ಆ ಪೇಟೆಯಲ್ಲಿ ಚನ್ನಬಸಪ್ಪ ಮುಟ್ಟಿದ ಕಾಯಿಯನ್ನು ಎರಡನೆಯವರು ಮುಟ್ಟಿ ನೋಡಿದ್ದಿಲ್ಲ.

ಮುಂದಿನ ಸಭೆಗೆ ಚನ್ನಬಸಪ್ಪ ಬಂದ. ಜಗಳವಾಡಲಿಲ್ಲ. ಕಣದ ಪಿಕ್ಚರ್ ಎಷ್ಟನೆಯದು ಎಂದು ಕೇಳಿದರೆ, "ನೀವು ಹೆಂಗಂತೀರಿ ಹಂಗ ಬರೀರಿ" ಎಂದ. ಚಷ್ಮಾ ತೆಗೆಯುವಾಗ ಅವನ ಜೇಬಿನಿಂದ ಒಂದು ಚೀಟಿ ಬಿತ್ತು. ಎತ್ತಿ ಕೊಡುವಾಗ ಕಣ್ಣಿಗೆ ಬಿತ್ತು. ಮೊಮ್ಮಕ್ಕಳ ಹೆಸರು, ಮನೆಯ ಬೀದಿ, ಗುಳಿಗೆಯ ಹೊತ್ತು. ಅದರ ಕೆಳಗೆ ಅವನದೇ ದುಂಡು ಅಕ್ಷರದಲ್ಲಿ: "ಈರಣ್ಣ, ರಾಣೆಬೆನ್ನೂರು, ಬೀಜದ ಅಂಗಡಿ, ದೋಸ್ತ." ಮರೆತೇ ಹೋದರೆ ಇರಲಿ ಎಂದು ಬರೆದುಕೊಂಡಿದ್ದ. ನಾನು ಚೀಟಿಯನ್ನು ಮಡಿಚಿ ಅವನ ಜೇಬಿಗಿಟ್ಟು, ಚಹಾ ಕುಡಿಯದೆ ಎದ್ದೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಮೊದಲು ಮನೆಯಾಕೆಗೆ ಹೇಳಿದೆ. ಅವಳು ರೊಟ್ಟಿ ಹಾಕುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. "ಐವತ್ತು ವರ್ಷ ಹೊಟ್ಟ್ಯಾಗ ಇಟ್ಟೀರಿ. ಮತ್ತ ಇನ್ನ ಏನೇನ ಇಟ್ಟೀರಿ?" ಎಂದಳು. ತಪ್ಪೊಪ್ಪಿಗೆಯಲ್ಲಿ ಇರುವ ತೊಂದರೆ ಇದೇ, ಒಂದನ್ನು ಹೇಳಿದರೆ ಉಳಿದವುಗಳ ವಿಚಾರಣೆ ಶುರುವಾಗುತ್ತದೆ. ಎರಡು ದಿನ ಆ ವಿಚಾರಣೆ ಎದುರಿಸುವುದಕ್ಕಿಂತ ಬ್ಯಾಡಗಿಗೆ ಹೋಗುವುದೇ ಲೇಸೆನಿಸಿ ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಬ್ಯಾಡಗಿಯ ಪೇಟೆ ಪಶ್ಚಾತ್ತಾಪಕ್ಕೆ ತಕ್ಕ ಸ್ಥಳವಲ್ಲ. ಹಂಗಾಮಿನ ದಿನ, ಎಲ್ಲಿ ನೋಡಿದರೂ ಕೆಂಪು ರಾಶಿ, ಗಾಳಿಯೆಲ್ಲ ಘಾಟು. ಅಂಗಡಿಯ ಹೊಸ್ತಿಲು ದಾಟುವುದರೊಳಗೆ ನಾಲ್ಕು ಸಲ ಸೀನಿ, ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಿಜವಾದ ದುಃಖದಿಂದಲೇ ಹೋದವನು ನಾನು. ಆದರೆ ಅಲ್ಲಿ ಎಲ್ಲರೂ ಅಳುತ್ತಿರುವುದರಿಂದ ಅದಕ್ಕೆ ಬೆಲೆ ಬರಲಿಲ್ಲ. "ಟಾವೆಲ್ ಮುಖಕ್ಕ ಕಟ್ಕೋ" ಎಂದ ಚನ್ನಬಸಪ್ಪ. ಟವೆಲ್ಲಿನೊಳಗಿಂದ ಹೇಳಿದೆ. ಬಸ್ಸು, ಹಲಗೆ, ಡಬ್ಬಿ, ಕಂಪನಿ, ಸ್ಲೈಡು, ಎಲ್ಲ. ನಡುನಡುವೆ ಸೀನಿದೆ.

ಅವನು ಕೈಯಲ್ಲಿದ್ದ ಕಾಯಿಯನ್ನು ಮುರಿದು ಬೀಜ ನೋಡುತ್ತ ಕುಳಿತಿದ್ದ. ಬೀಜ ಉದುರಿಸಿ ಕೇಳಿದ: "ಹಂಗಾರ ನಾ ನೋಡಿದ್ದು ಖರೇ?"

"ಖರೇ."

"ತಮ್ಮ ಬರಲಿಲ್ಲ."

"ಅವತ್ತ ಬರಲಿಲ್ಲ."

ಚನ್ನಬಸಪ್ಪ ಅಂಗಳದಲ್ಲಿ ಚೀಲ ತೂಗಿಸುತ್ತಿದ್ದ ತನ್ನ ತಮ್ಮ ಶಂಕ್ರಪ್ಪನ ಕಡೆ ನೋಡಿದ. ಆಮೇಲೆ ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವವನಂತೆ ಹೇಳಿದ. "ಅವಾಗ ಇವಾ ಪಾಲು ಬೇಡಿ, ಸಿಟ್ಟಾಗಿ, ಗುತ್ತಲದಾಗ ಹೆಣ್ತಿ ಮನ್ಯಾಗ ಹೋಗಿ ಕುಂತಿದ್ದ. ಬಂದ್ರ ತಾನ ಬರಲಿ ಅಂತ ನಾ ಕುಂತಿದ್ದೆ. ಆ ಪಿಕ್ಚರ್ ನೋಡಿದ ಮ್ಯಾಲೆ ನಿದ್ದಿ ಹತ್ತಲಿಲ್ಲ. ಬರಾಂವ ಬರೂದಿಲ್ಲ ಅನಿಸ್ತು. ಮುಂಜಾನೆ ಮೊದಲನೇ ಬಸ್ಸಿಗೆ ಹೋಗಿ ಕರಕೊಂಡು ಬಂದೆ."

ನನ್ನ ಟವೆಲ್ಲು ತಾನಾಗಿ ಕೆಳಗೆ ಸರಿಯಿತು. ಹಾಗಾದರೆ ಎರಡು ಸಂಸಾರ ಒಂದಾಗಿ ಉಳಿದದ್ದು ನನ್ನಿಂದ. ಆ ಕೊನೆಯ ರೀಲು ಬಂದಿದ್ದರೆ ಇವನು ಚಕ್ಕಡಿಗಾಗಿ ಕಾಯುತ್ತ ಇವತ್ತಿಗೂ ಕುಳಿತಿರುತ್ತಿದ್ದ. ಇಷ್ಟು ದೊಡ್ಡ ಪುಣ್ಯವನ್ನು ತಪ್ಪು ಎಂದು ತಿಳಿದು ಸುಮ್ಮನೆ ಕೊರಗಿದೆನಲ್ಲ ಎಂದು ಎದೆ ಸ್ವಲ್ಪ ಉಬ್ಬಿತು. ಚನ್ನಬಸಪ್ಪ ಅದನ್ನು ನೋಡಿಬಿಟ್ಟ. "ಭಾಳ ಮ್ಯಾಲೆ ಏರಬ್ಯಾಡ. ಡಬ್ಬಿ ಮರತದ್ದಕ್ಕ ನಾ ಏನೂ ಅನ್ನೂದಿಲ್ಲ, ಹುಡುಗ ಇದ್ದಿ. ಹನ್ನೊಂದು ವರ್ಷ ಗೊತ್ತಿದ್ದು ಹುಸೇನ್ಯಾನ ಕಡೆ ಕೈ ಎತ್ತಿದೆಲ್ಲ, ಅದು ಯಾವ ಲೆಕ್ಕಕ್ಕ?" ಒಂದು ಸೀನು ಬಂತು, ಅದೇ ಉಪಕಾರವಾಯಿತು.

ಆಮೇಲೆ ಶಿಕ್ಷೆ ಶುರುವಾಯಿತು. "ಮಂಜಾ, ಬಾ ಇಲ್ಲೆ. ಕಾಕಾ ಏನೋ ಹೇಳ್ತಾನ ಕೇಳು." ಮಗನ ಮುಂದೆ ಎರಡನೆಯ ಸಲ ಹೇಳಿದೆ. ಮಂಜುನಾಥ ಗೌರವದಿಂದ ಕೇಳಿ ನನ್ನ ಕೈ ಹಿಡಿದುಕೊಂಡ. "ಅಪ್ಪನ ಮ್ಯಾಲಿನ ಪ್ರೀತಿಗೆ ಹೇಳಾಕತ್ತೀರಿ, ತಿಳಿತೈತ್ರಿ ಕಾಕಾ. ನಾಳೆ ಡಾಕ್ಟರ್‌ಕಡೆ ಒಮ್ಮೆ ತೋರಿಸ್ಕೊಂಡು ಬರೂನು. ನೀವೂ ಬರ್ರಿ ಬೇಕಾದ್ರ." ಐವತ್ತು ವರ್ಷ ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ಮೊದಲ ಸಲ ನಿಜ ಹೇಳಿದರೆ ಇವನು ನನ್ನ ಹೆಸರಿಗೂ ಡಾಕ್ಟರ ಚೀಟಿ ಮಾಡಿಸಲು ಹೊರಟಿದ್ದ.

ಚನ್ನಬಸಪ್ಪ ಬಿಡಲಿಲ್ಲ. ಗುಮಾಸ್ತನನ್ನು ಕರೆದ, ಹೇಳಿದೆ. ಫೋನು ಹಚ್ಚಿ ಹುಸೇನಸಾಬನಿಗೆ ಹೇಳಿಸಿದ. ಅವನು ಅತ್ತ ಕಡೆಯಿಂದ "ಹನ್ನೊಂದು ವರ್ಷ ನನ್ನ ಕೈಲೆ ಸುಳ್ಳು ಗೆಲ್ಲಿಸಿದ್ಯಲ್ಲೋ" ಎಂದು ಬೈದ. ಹಮಾಲರು ಊಟಕ್ಕೆ ಕುಳಿತಾಗ ಅವರಿಗೆ ಹೇಳಿದೆ. ಮನೆಯಿಂದ ಬುತ್ತಿ ತಂದ ಸೊಸೆಗೆ ಹೇಳಿದೆ. ಒಂದೇ ತಪ್ಪನ್ನು ಪದೇ ಪದೇ ಹೇಳುವುದು ಸುಲಭದ ಕೆಲಸವಲ್ಲ. ಹೇಳಿದಷ್ಟೂ ನಾಲಿಗೆ ಅದರ ಚುಚ್ಚುವ ಮೂಲೆಗಳನ್ನು ಸವರುತ್ತ ಬರುತ್ತದೆ. ಕಡೆಗೆ ಶಂಕ್ರಪ್ಪ ತೂಕ ಮುಗಿಸಿ, ಕೈಕಾಲು ತೊಳೆದು ಬಂದು ಎದುರು ಕುಳಿತ. ಎಲ್ಲರಿಗಿಂತ ಹೆಚ್ಚು ಸಂಬಂಧಪಟ್ಟವನು ಅವನೇ. ನಾನು ಟವೆಲ್ಲು ಸರಿಮಾಡಿಕೊಂಡು ಏಳನೆಯ ಸಲ ಶುರು ಮಾಡಿದೆ.

"ಏನಾತಂದ್ರ ಶಂಕ್ರಪ್ಪಾ, ಡಬ್ಬಿ ನನ್ನ ತೊಡಿ ಮ್ಯಾಲೆ ಇತ್ತು. ಆ ಕಂಡಕ್ಟರ್ ಕಸಗೊಂಡು ಹಲಗಿ ಮ್ಯಾಲೆ ಇಟ್ಟ. ಇಳಿಯುವಾಗ ನಾ ನೆನಪು ಮಾಡ್ತೇನಿ ಅಂದ. ಅಷ್ಟರಾಗ ಡ್ರೈವರ್ ಬಸ್ಸು ಬಿಟ್ಟ..."

"ತಡಿ" ಎಂದ ಚನ್ನಬಸಪ್ಪ. ಅವನು ಕಾಯಿ ಹೆಕ್ಕುತ್ತಿದ್ದ, ತಲೆ ಎತ್ತಲಿಲ್ಲ. "ಮುಂಜಾನೆ ನನಗ ಹಂಗ ಹೇಳಿಲ್ಲ ನೀ. ವಾದಾ ಮಾಡಾಕ ಕೈ ಸಾಲಲಿಲ್ಲ, ಡಬ್ಬಿ ನಾನ ಇಟ್ಟೆ, ನಾನ ಮರತೆ ಅಂದಿ. ಮಂಜಾನ ಮುಂದನೂ ಹಂಗ ಹೇಳಿದಿ. ಹುಸೇನ್ಯಾಗ ಹೇಳೂಮುಂದ ಡ್ರೈವರ್ ಲಗೂ ಬಿಟ್ಟ ಅಂದಿ. ಹಮಾಲರ ಮುಂದ ಕಂಡಕ್ಟರ್ ಕೈ ಹಚ್ಚಿದ. ಸೊಸಿ ಬಂದಾಗ ಅವಾನ ಎತ್ತಿಟ್ಟ. ಈಗ ನೆನಪು ಮಾಡ್ತೇನಿ ಅಂತ ಮಾತೂ ಕೊಟ್ಟ. ಇನ್ನೊಂದ ಸಲ ಹೇಳಿದ್ರ ನಿನ್ನ ಇಳಸಿ ಅವಾನ ಟಾಂಗಾ ಹತ್ತತಾನ."

ಗುಮಾಸ್ತ ಬೆರಳು ಮಡಿಚಿ ಎಣಿಸಿ, ಹೌದು ಎಂಬಂತೆ ತಲೆ ಹಾಕಿದ. ಮಂಜುನಾಥ ಅಪ್ಪನನ್ನೇ ನೋಡುತ್ತಿದ್ದ. ಆಮೇಲೆ ಫೋನು ತೆಗೆದುಕೊಂಡು ಹೊರಗೆ ಹೋದ. ಮೆಣಸಿನಕಾಯಿ ರಾಶಿಯ ಆಚೆಯಿಂದ "ನಾಳೆ ಬರೂದಿಲ್ರಿ ಸರ್, ಅಪ್ಪನ ಹೆಸರು ತಗೀರಿ" ಎಂದು ಅವನು ಹುಬ್ಬಳ್ಳಿಗೆ ಹೇಳುತ್ತಿರುವುದು ಕೇಳಿಸಿತು.

ಶಂಕ್ರಪ್ಪ ನನ್ನ ಮುಂದೆ ಚಹಾದ ಕಪ್ಪು ಸರಿಸಿದ. "ಕುಡೀರಿ. ಕುಡಿದು ಮೊದಲಿಂದ ಹೇಳ್ರಿ, ಅಣ್ಣಗ ಹೇಳಿದಂಗ" ಎಂದ. ನಾನು ಚಹಾ ಕುಡಿದು, ಕಂಡಕ್ಟರನಿಗೆ ಡಬ್ಬಿ ಮುಟ್ಟಗೊಡದೆ, ಎಂಟನೆಯ ಸಲ ಹೇಳಿದೆ.